ದಾಯಾದಿಗಳ ಆಟ

ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥವು ೧೯೩೮ರ ಗೋಲಿಬಾರಿನಿಂದ ನಾಡಿಗೆಲ್ಲ ಪರಿಚಿತವಾದ ಸ್ಥಳ. ಅದಕ್ಕೂ ಬಹು ಹಿಂದಿನಿಂದ ಅದಕ್ಕೆ ಇನ್ನೊಂದು ಪ್ರಸಿದ್ಧಿಯಿದೆ. ಅಲ್ಲಿನ ಅಶ್ವತ್ಥವನ್ನು ನೆಟ್ಟವನು ವಿದುರನೆಂದು ಪ್ರತೀತಿ. ಕೌರವ ಪಾಂಡವರಿಬ್ಬರಿಗೂ ಚಿಕ್ಕಪ್ಪನಾಗಿದ್ದು, ಇಬ್ಬರ ಹಿತವನ್ನೂ ಬಯಸಿ, ಕಡೆಗೆ ದುರ್ಯೋಧನನಿಂದ ಬೈಸಿಕೊಂಡು ಹೊರಟ ಹಿರಿಯ ಆತ. ದಾಯಾದಿಗಳ ಜಗಳದ ಮರ್ಮವನ್ನು ಅವನಷ್ಟು ಬಲ್ಲವರು ಯಾರು? ಹೊರಗಿನವನ ಮುಂದೆ ಸೋತರೆ ನಾಲ್ಕು ದಿನದ ದುಃಖ; ದಾಯಾದಿಯ ಮುಂದೆ ಸೋತರೆ ತಲೆಮಾರಿನ ಅವಮಾನ. ಭಾರತ ಪಾಕಿಸ್ತಾನಗಳ ಕ್ರಿಕೆಟ್ಟಿನ ಚರಿತ್ರೆಯನ್ನು ತಿರುವಿಹಾಕುವಾಗ ಈ ವಿದುರನ ನೆನಪು ಬಾರದೆ ಇರದು.

ಮನೆ ಪಾಲಾದುದು ೧೯೪೭ರಲ್ಲಿ. ಪಾಲಾದವರು ಮೈದಾನದಲ್ಲಿ ಎದುರುಬದುರಾದುದು ೧೯೫೨ರ ಅಕ್ಟೋಬರಿನಲ್ಲಿ, ದೆಹಲಿಯಲ್ಲಿ. ನಮ್ಮ ನಾಯಕರು ಲಾಲಾ ಅಮರನಾಥ್. ಅವರ ನಾಯಕರು ಅಬ್ದುಲ್ ಹಫೀಜ್ ಕಾರ್ದಾರ್. ಈ ಕಾರ್ದಾರರು ೧೯೪೬ರಲ್ಲಿ ಇಂಗ್ಲೆಂಡಿಗೆ ಹೋಗಿದ್ದುದು ಭಾರತದ ತಂಡದಲ್ಲಿ, ಇದೇ ಅಮರನಾಥರ ಜೊತೆಯಲ್ಲಿ. ಅಮೀರ್ ಇಲಾಹಿ ೧೯೪೭ರಲ್ಲಿ ಆಸ್ಟ್ರೇಲಿಯದಲ್ಲಿ ಅಮರನಾಥರ ಕೈಕೆಳಗೆ ಭಾರತದ ಪರವಾಗಿ ಆಡಿದವರು. ಐದು ವರ್ಷ ತುಂಬುವುದರೊಳಗೆ ಅವರೂ ಆಚೆಯ ಪಾಳೆಯದಲ್ಲಿದ್ದರು. ದೆಹಲಿಯಲ್ಲಿ ವಿನೂ ಮಂಕಡ್ ೧೩ ವಿಕೆಟ್ ಕಿತ್ತು ಇನ್ನಿಂಗ್ಸ್ ಗೆಲುವು ತಂದುಕೊಟ್ಟರು. ಮರುವಾರವೇ ಲಖನೌದಲ್ಲಿ ಫಜಲ್ ಮಹಮೂದ್ ೧೨ ವಿಕೆಟ್ ಪಡೆದು, ಇನ್ನಿಂಗ್ಸಿನ ಸಾಲವನ್ನು ಇನ್ನಿಂಗ್ಸಿನಿಂದಲೇ ತೀರಿಸಿದರು. ಬೊಂಬಾಯಿಯಲ್ಲಿ ಮತ್ತೆ ಗೆದ್ದು ಸರಣಿಯನ್ನು ನಾವು ೨-೧ರಿಂದ ಉಳಿಸಿಕೊಂಡೆವು.

ಅಷ್ಟಾದ ಮೇಲೆ ಇಬ್ಬರಿಗೂ ಭಯ ಹಿಡಿಯಿತು. ಆ ಸರಣಿಯ ಕಡೆಯ ಎರಡು ಪಂದ್ಯಗಳು ಡ್ರಾ. ೧೯೫೪-೫೫ರಲ್ಲಿ ನಮ್ಮವರು ಅಲ್ಲಿಗೆ ಹೋಗಿ ಆಡಿದ ಐದೂ ಡ್ರಾ. ೧೯೬೦-೬೧ರಲ್ಲಿ ಅವರು ಇಲ್ಲಿಗೆ ಬಂದು ಆಡಿದ ಐದೂ ಡ್ರಾ. ಆಮೇಲೆ ಎರಡು ಯುದ್ಧಗಳು. ಹದಿನೇಳು ವರ್ಷ ಆಟವೇ ಇಲ್ಲ. ೧೯೭೮ರಲ್ಲಿ ಫೈಸಲಾಬಾದಿನಲ್ಲಿ ಮತ್ತೆ ಕೂಡಿದಾಗ ಅದೂ ಡ್ರಾ. ಸಾಲಾಗಿ ೧೩ ಪಂದ್ಯ! ಗೆಲ್ಲುವ ಆಸೆಗಿಂತ ಸೋಲಿನ ಅಂಜಿಕೆ ದೊಡ್ಡದಾದಾಗ ಹೀಗಾಗುತ್ತದೆ. ಇದಕ್ಕಾಗಿ ನಾಯಕರನ್ನು ಮಾತ್ರ ದೂರಿ ಫಲವಿಲ್ಲ. ಸೋತು ಬಂದವನ ಮುಖ ನೋಡದ ನಾವೂ ಅದರಲ್ಲಿ ಪಾಲುದಾರರು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೈತ ಬೆಲೆ ಏರಿಸಲು ನೋಡುತ್ತಾನೆ, ರೀಲರು ಇಳಿಸಲು ನೋಡುತ್ತಾನೆ. ಇಬ್ಬರಿಗೂ ಸೋಲು ಬೇಡ. ಆದರೆ ದಿನ ಕಳೆದರೆ ಒಳಗಿನ ಪತಂಗ ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆಂಬುದು ಇಬ್ಬರಿಗೂ ಗೊತ್ತು. ಆದುದರಿಂದ ಯಾರಾದರೊಬ್ಬರು ಸ್ವಲ್ಪ ಸೋತು ವ್ಯಾಪಾರ ಮುಗಿಸುತ್ತಾರೆ. ಮರುದಿನ ಮತ್ತೆ ಎದುರುಬದುರು ನಿಲ್ಲುತ್ತಾರೆ. ಆಟವೂ ಅಂಥದೇ ಒಂದು ಕೊಡುಕೊಳ್ಳುವಿಕೆ.

ಸೋಲಲು ಮನಸ್ಸು ಮಾಡಿದಾಗ ಈ ಆಟ ಎಷ್ಟು ಎತ್ತರಕ್ಕೆ ಹೋಗಬಲ್ಲದೆಂಬುದನ್ನು ಬೆಂಗಳೂರು ಕಂಡಿತು. ಚಿಕ್ಕಬಳ್ಳಾಪುರದವರಿಗೆ ಬೆಂಗಳೂರೆಂದರೆ ಬೆಳಗಿನ ಬಸ್ಸು ಹಿಡಿದು ಹೋಗಿ ರಾತ್ರಿ ಊಟಕ್ಕೆ ಮರಳಬಹುದಾದ ಊರು. ೧೯೭೯ರ ನವೆಂಬರಿನಲ್ಲಿ ರೋಜರ್ ಬಿನ್ನಿ ಅಲ್ಲಿ ಪಾಕಿಸ್ತಾನದ ಎದುರು ತಮ್ಮ ಮೊದಲ ಟೆಸ್ಟ್ ಆಡಿದರು. ಅವರ ಕಡೆಯ ಟೆಸ್ಟೂ ಅಲ್ಲಿಯೇ, ಅದೇ ಎದುರಾಳಿಯ ಮೇಲೆ, ೧೯೮೭ರ ಮಾರ್ಚಿನಲ್ಲಿ. ಅದಕ್ಕೆ ಹಿಂದಿನ ನಾಲ್ಕೂ ಪಂದ್ಯಗಳು, ವಾಡಿಕೆಯಂತೆ, ಡ್ರಾ ಆಗಿದ್ದವು. ಬೆಂಗಳೂರಿನ ಪಿಚ್ಚಿನಲ್ಲಿ ಮಾತ್ರ ಚೆಂಡು ಬುಗುರಿಯಂತೆ ತಿರುಗಿತು. ಮಣಿಂದರ್ ಸಿಂಗ್ ೨೭ ರನ್ನಿಗೆ ೭ ವಿಕೆಟ್ ಪಡೆದು ಪಾಕಿಸ್ತಾನವನ್ನು ೧೧೬ಕ್ಕೆ ಮುಗಿಸಿದರು. ತೌಸೀಫ್ ಅಹಮದ್, ಇಕ್ಬಾಲ್ ಕಾಸಿಂ ಇಬ್ಬರೇ ನಮ್ಮನ್ನು ೧೪೫ಕ್ಕೆ ಮುಗಿಸಿದರು. ಕಡೆಗೆ ನಮಗೆ ಬೇಕಾದುದು ೨೨೧. ತಮ್ಮ ಕೊನೆಯ ಟೆಸ್ಟ್ ಆಡುತ್ತಿದ್ದ ಗವಾಸ್ಕರ್ ಐದು ಗಂಟೆಗೂ ಮಿಕ್ಕಿ ನಿಂತು ೯೬ ಹೊಡೆದರು. ಸೋತುದು ೧೬ ರನ್ನಿನಿಂದ. ಭಾರತದಲ್ಲಿ ಪಾಕಿಸ್ತಾನದ ಮೊದಲ ಸರಣಿ ಗೆಲುವು ಅದು. ಆದರೂ ಗವಾಸ್ಕರರ ಅನೇಕ ಶತಕಗಳಿಗಿಂತ ಆ ೯೬ನ್ನೇ ಜನ ಇಂದಿಗೂ ನೆನೆಯುತ್ತಾರೆ. ಸೋಲಿಗೂ ಇಂಥ ಘನತೆಯುಂಟು.

೧೯೯೬ರ ಮಾರ್ಚ್ ೯ರಂದು ವಿಶ್ವಕಪ್ಪಿನ ಪಂದ್ಯದಲ್ಲಿ, ಬ್ಯಾಟು ತೋರಿಸಿ ಕೆಣಕಿದ ಆಮಿರ್ ಸೊಹೈಲರ ವಿಕೆಟ್ಟನ್ನು ವೆಂಕಟೇಶ ಪ್ರಸಾದ್ ಮರುಚೆಂಡಿಗೇ ಉರುಳಿಸಿದುದನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೯೯೯ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಕುಂಬ್ಳೆ ೭೪ ರನ್ನಿಗೆ ಹತ್ತಕ್ಕೆ ಹತ್ತು ಪಡೆದರು. ಅದೇ ಜೂನಿನಲ್ಲಿ, ಕಾರ್ಗಿಲ್ಲಿನಲ್ಲಿ ಗುಂಡು ಹಾರುತ್ತಿದ್ದಾಗ, ಮ್ಯಾಂಚೆಸ್ಟರಿನಲ್ಲಿ ಪ್ರಸಾದ್ ೫, ಶ್ರೀನಾಥ್ ೩, ಕುಂಬ್ಳೆ ೨: ಹತ್ತೂ ವಿಕೆಟ್ ಕನ್ನಡನಾಡಿನ ಪಾಲಿಗೆ. ಇವೆಲ್ಲ ನಮಗೆ ಹೆಮ್ಮೆಯ ಸಂಗತಿಗಳೇ. ಆದರೆ ಆ ವರ್ಷದ ದೊಡ್ಡ ಘಟನೆ ನಡೆದುದು ಚೆನ್ನೈಯಲ್ಲಿ ಎಂದು ನನ್ನ ಭಾವನೆ. ಜನವರಿಯ ಕಡೆಯ ದಿನ, ತೆಂಡೂಲ್ಕರರ ೧೩೬ರ ಮೇಲೂ ೧೨ ರನ್ನಿನಿಂದ ಸೋತಾಗ, ಅಲ್ಲಿನ ಜನ ಎದ್ದುನಿಂತು ಗೆದ್ದ ಪಾಕಿಸ್ತಾನಿಗಳಿಗೆ ಚಪ್ಪಾಳೆ ತಟ್ಟಿದರು. ವಿದುರ ಕಂಡಿದ್ದರೆ ಸಂತೋಷಪಡುತ್ತಿದ್ದ.

೨೦೦೭ರ ಡಿಸೆಂಬರಿನಲ್ಲಿ ಮತ್ತೆ ಬೆಂಗಳೂರು. ನಾಯಕರು ಕುಂಬ್ಳೆ. ಗಂಗೂಲಿ ೨೩೯ ಹೊಡೆದಿದ್ದರು. ಐದನೆಯ ದಿನ ಕುಂಬ್ಳೆ ಐದು ವಿಕೆಟ್ ಕಿತ್ತು, ಪಾಕಿಸ್ತಾನ ೧೬೨ಕ್ಕೆ ೭ ಆಗಿದ್ದಾಗ ಬೆಳಕು ಸಾಲದೆ ಆಟ ನಿಂತಿತು. ಡ್ರಾ. ಮರುವರ್ಷ ಮುಂಬಯಿಯಲ್ಲಿ ರಕ್ತ ಹರಿಯಿತು. ಅಂದಿನಿಂದ ಈ ಎರಡು ದೇಶಗಳು ಒಂದೂ ಟೆಸ್ಟ್ ಆಡಿಲ್ಲ. ಆಡಿದ ೫೯ರಲ್ಲಿ ನಾವು ಗೆದ್ದುದು ೯, ಅವರು ೧೨, ಡ್ರಾ ೩೮.

ರಕ್ತ ಹರಿದ ಮೇಲೆ ಆಟವೇತಕ್ಕೆ ಎಂದು ಕೇಳುವವರ ಮಾತನ್ನು ತಳ್ಳಿಹಾಕಲಾಗದು. ಮಗನನ್ನು ಕಳೆದುಕೊಂಡ ಮನೆಗೆ ಹೋಗಿ ಕ್ರಿಕೆಟ್ಟಿನ ಸ್ಕೋರು ಹೇಳುವವರುಂಟೇ? ಆದರೂ ಪೂರಾ ಆಟವನ್ನು ಬಿಟ್ಟಿದ್ದೇವೆಯೇ ಎಂದರೆ ಅದೂ ಇಲ್ಲ. ೨೦೨೫ರ ಸೆಪ್ಟೆಂಬರಿನಲ್ಲಿ ದುಬೈಯಲ್ಲಿ ಮೂರು ಸಲ ಆಡಿ ಮೂರು ಸಲವೂ ನಾವೇ ಗೆದ್ದೆವು. ಕೈ ಮಾತ್ರ ಕುಲುಕಲಿಲ್ಲ. ಮೂರು ಗಂಟೆಯ ಆ ಆಟದಲ್ಲಿ ಎದುರಿನ ಬಾವುಟವಷ್ಟೇ ಕಾಣುತ್ತದೆ. ಮನುಷ್ಯನ ಮುಖ ಕಾಣಲು ಐದು ದಿನ ಬೇಕು.

ಬೆಂಗಳೂರಿನಲ್ಲಿ ಬೆಳಕು ಮಂಕಾದ ಆ ಸಂಜೆ ಚಿಂತಾಮಣಿಯಲ್ಲೋ ಶಿಡ್ಲಘಟ್ಟದಲ್ಲೋ ಹುಟ್ಟಿದ ಕೂಸು ಇಂದು ಮತ ಹಾಕುವ ವಯಸ್ಸಿನದು. ಅದು ಎರಡು ದೇಶಗಳ ಒಂದು ಟೆಸ್ಟನ್ನೂ ನೋಡಿಲ್ಲ. ಪತಂಗ ಹೊರಬಂದ ಗೂಡಿನಿಂದ ಎಳೆ ಬಿಚ್ಚಲಾಗದೆಂದು ನಮ್ಮ ಕಡೆಯ ರೀಲರುಗಳೆಲ್ಲ ಬಲ್ಲರು. ದಿನ ಮೀರಿತೋ, ಇನ್ನೂ ಇದೆಯೋ, ಹೇಳುವವರು ಯಾರು?