ಜಾವಾ ಬೈಕಿಗೆ ಜಾವಾ ದ್ವೀಪದ ಹೆಸರೇ?

ಅಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಬೈಕಿಗೂ ಇಂಡೋನೇಷ್ಯಾದ ದ್ವೀಪಕ್ಕೂ ಸಂಬಂಧವಿಲ್ಲ. ಆ ಹೆಸರಿನ ಅರ್ಧ ಭಾಗ ಬಂದದ್ದು ಜರ್ಮನಿಯಿಂದ.

1920ರ ದಶಕದ ಕೊನೆಗೆ ಜರ್ಮನಿಯ ವಾಂಡರರ್ ಕಂಪನಿ 500 ಸಿಸಿಯ, ಒಂದೇ ಸಿಲಿಂಡರಿನ ಬೈಕ್ ರೂಪಿಸಿತು. ಅದರದ್ದು ನಾಲ್ಕು ಸ್ಟ್ರೋಕಿನ ಎಂಜಿನ್, ಉಕ್ಕಿನ ತಗಡಿನ ಚೌಕಟ್ಟು. ಹಿಂದಿನ ಚಕ್ರಕ್ಕೆ ಚೈನಿನ ಬದಲು ಶಾಫ್ಟ್. 1929ರಲ್ಲಿ ಪ್ರಾಗ್‌ನ ಶಸ್ತ್ರಾಸ್ತ್ರ ತಯಾರಕ ಫ್ರಾಂಟಿಶೆಕ್ ಯಾನೆಚೆಕ್ ಇದನ್ನು ತಯಾರಿಸುವ ಹಕ್ಕು ಪಡೆದರು. ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಯಾನೆಚೆಕ್ ಹೆಸರಿನ ಮೊದಲೆರಡು ಅಕ್ಷರ ‘ಜೆ-ಎ’, ವಾಂಡರರ್‌ನದು ‘ಡಬ್ಲ್ಯು-ಎ’. ಇವೆರಡೂ ಸೇರಿ ‘ಜಾವಾ’ ಆಯಿತು.

ಹಾಗಾದರೆ ಮೈಸೂರಿನ ಜಾವಾ ಜರ್ಮನ್ ಬೈಕೇ? ಅದೂ ಅಲ್ಲ. ವಾಂಡರರ್ ಮೂಲದ ಬೈಕ್ ದುಬಾರಿಯಾಗಿತ್ತು. ಹಾಗಾಗಿ ಯಾನೆಚೆಕ್ ಕಂಪನಿ 1930ರ ದಶಕದಲ್ಲೇ ಅಗ್ಗದ, ಹಗುರವಾದ, ಎರಡು ಸ್ಟ್ರೋಕಿನ ಬೈಕುಗಳತ್ತ ಹೊರಳಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸಿದ 250 ಸಿಸಿ ಜಾವಾ, ಮುಂದೆ ಅದರಿಂದ ಬೆಳೆದ ಯೆಜ್ಡಿ, ಎರಡೂ ಈ ಜೆಕೊಸ್ಲೊವಾಕಿಯಾದ ಪರಂಪರೆಯವು. ಕಾರ್ಖಾನೆ 1996ರಲ್ಲಿ ಮುಚ್ಚಿತು.

ಇನ್ನೊಂದು ತಪ್ಪು ಕಲ್ಪನೆ: ಸೈಲೆನ್ಸರ್ ಎರಡಿದ್ದ ಮಾತ್ರಕ್ಕೆ ಸಿಲಿಂಡರ್ ಎರಡಿಲ್ಲ. 250 ಸಿಸಿ ಜಾವಾದಲ್ಲಿ ಒಂದೇ ಸಿಲಿಂಡರಿನ ಹೊಗೆ ಎರಡು ಕೊಳವೆಗಳಲ್ಲಿ ಹೊರಬರುತ್ತದೆ.