ಮನೆಗೆ ಬರುವ ಕುಂಞಿಗೆ ಏನೇನು ಬೇಕು, ಯಾವುದು ಬೇಡ

ಏಳು ತಿಂಗಳು ತುಂಬುತ್ತಿದ್ದ ಹಾಗೆ ನಮ್ಮ ಮನೆಗಳಲ್ಲಿ ಎರಡು ಪಟ್ಟಿ ತಯಾರಾಗ್ತದೆ. ಒಂದು ಹುಡುಗಿಯ ತವರಲ್ಲಿ ಉಮ್ಮ ಬಾಯಲ್ಲೇ ಹೇಳುವ ಪಟ್ಟಿ: ಹಳೇ ಮೆತ್ತಗಿನ ಮುಂಡು, ಬೆಂದ ತೆಂಗಿನೆಣ್ಣೆ, ತೊಟ್ಟಿಲು, ಬಾಣಂತಿ ಸ್ನಾನದ ಹಂಡೆ. ಇನ್ನೊಂದು ದುಬೈಯಿಂದಲೋ ದಮ್ಮಾಮಿನಿಂದಲೋ ಮಗುವಿನ ಬಾಪ ವಾಟ್ಸಾಪಿನಲ್ಲಿ ಕಳಿಸುವ ಪಟ್ಟಿ: ಡೈಪರ್ ಪೆಟ್ಟಿಗೆ, ಹಾಲಿನ ಪುಡಿ ಡಬ್ಬ, ಬಾಟಲಿ ಸೆಟ್ಟು, ಪೌಡರ್, ವಾಕರ್. ಎರಡರಲ್ಲೂ ಅರ್ಧದಷ್ಟು ಬೇಕಾದದ್ದು ಉಂಟು, ಅರ್ಧದಷ್ಟು ಬೇಡದ್ದು ಉಂಟು. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರಿಗೆ ಇನ್ನೂ ಒಂದು ವಿಷಯ ಸೇರಿಕೊಳ್ತದೆ. ಹೆರಿಗೆ ಮಂಗಳೂರಲ್ಲಿ, ಮನೆ ಕೇರಳದಲ್ಲಿ. ಹಾಗಾಗಿ ಬಟ್ಟೆಬರೆಯ ತಯಾರಿಯ ಜೊತೆ ಕಾಗದಪತ್ರದ ತಯಾರಿಯೂ ಬೇಕಾಗ್ತದೆ.

ಮೊದಲು ಬಟ್ಟೆ. ಹೊಸ ಮಗುವಿಗೆ ಬೇಕಾದ್ದು ತೆಳು ಹತ್ತಿ ಬಟ್ಟೆ, ಅದೂ ಎದುರಿನಿಂದ ಕಟ್ಟುವಂಥದ್ದು. ತಲೆಯ ಮೇಲಿಂದ ಎಳೆದು ಹಾಕುವ ಬಿಗಿ ಕುತ್ತಿಗೆಯ ಅಂಗಿ, ಜರಿ, ಲೇಸು, ಗುಂಡಿ ಇದ್ದದ್ದು ಫೋಟೋಕ್ಕೆ ಚಂದ, ಮಗುವಿಗೆ ಕಷ್ಟ. ಆರೇಳು ಅಂಗಿ, ಎರಡು ಮೂರು ಟೊಪ್ಪಿ, ಕಾಲುಚೀಲ, ಸುತ್ತುವ ಬಟ್ಟೆ ನಾಲ್ಕು, ಲಂಗೋಟಿಗೆ ಡಜನ್‌ಗಿಂತ ಹೆಚ್ಚು ತುಂಡು ಇದ್ದರೆ ಸಾಕು. ಹೊಸ ಅಳತೆಯದ್ದನ್ನು ರಾಶಿ ತರಬೇಡಿ, ತಿಂಗಳೊಳಗೆ ಸಣ್ಣದಾಗ್ತದೆ. ಮಳೆಗಾಲದ ಹೆರಿಗೆಯಾದರೆ ಮಾತ್ರ ಲಂಗೋಟಿ ದುಪ್ಪಟ್ಟು ಇಟ್ಕೊಳ್ಳಿ. ಜೂನ್, ಜುಲೈಯಲ್ಲಿ ನಮ್ಮ ಕಡೆ ಬಟ್ಟೆ ಎರಡು ದಿನವಾದರೂ ಒಣಗುದಿಲ್ಲ, ತೇವದ ಬಟ್ಟೆ ಹಾಕಿದರೆ ಮಗುವಿನ ಚರ್ಮ ಕೆಂಪಾಗ್ತದೆ.

ಹಳೇ ಮುಂಡು, ಹಳೇ ಲುಂಗಿ ಹರಿದು ಮಾಡಿದ ಬಟ್ಟೆ ಅಂಗಡಿಯದ್ದಕ್ಕಿಂತ ಒಳ್ಳೆಯದೇ. ಆದರೆ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಮನೆಯ ಹಿರಿಯ ಹೆಂಗಸರಿಗೂ ಓದಿ ಹೇಳಿ. ಕಪಾಟಿನಲ್ಲಿ, ಟ್ರಂಕಿನಲ್ಲಿ ಬಿಳಿ ನಾಫ್ತಲೀನ್ ಗುಳಿಗೆ, ಅಂದರೆ ನಾವು ಡಾಂಬರ್ ಗುಳಿಗೆ ಅನ್ನುವುದನ್ನು ಹಾಕಿಟ್ಟ ಬಟ್ಟೆಯನ್ನು ಹಾಗೇ ತೆಗೆದು ಮಗುವಿಗೆ ಸುತ್ತಬಾರದು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರ್ತದೆ, ಗಂಡು ಮಕ್ಕಳಲ್ಲಿ ಹೆಚ್ಚು. ಅಂಥ ಮಗುವಿಗೆ ಆ ಗುಳಿಗೆಯ ಆವಿ ತಾಗಿದರೆ ರಕ್ತಕಣಗಳು ಒಡೆದು ಹಳದಿ ಕಾಮಾಲೆ ಜೋರಾಗ್ತದೆ. ಕೊರತೆ ಇದೆಯೋ ಇಲ್ಲವೋ ಹೊರಗಿನಿಂದ ನೋಡಿ ತಿಳಿಯುದಿಲ್ಲ. ಆ ಗುಳಿಗೆ ಹಾಕಿಟ್ಟ ಬಟ್ಟೆಯನ್ನು ಮಗುವಿನ ಗಂಟಿಗೆ ಸೇರಿಸುವುದೇ ಬೇಡ. ಬೇರೆ ಹಳೇ ಬಟ್ಟೆಯನ್ನು ಹೆರಿಗೆಗೆ ತಿಂಗಳು ಮೊದಲೇ ಒಗೆದು, ಬಿಸಿಲಲ್ಲಿ ಒಣಗಿಸಿ, ಗುಳಿಗೆ ಇಲ್ಲದ ಚೀಲದಲ್ಲಿಡಿ.

ಡೈಪರ್ ವಿಷಯದಲ್ಲಿ ಜಗಳ ಬೇಡ. ಹಗಲು ಬಟ್ಟೆ, ರಾತ್ರಿ ಮತ್ತು ಪ್ರಯಾಣಕ್ಕೆ ಡೈಪರ್ ಅಂತ ಮಾಡಿದರೆ ಎರಡೂ ಕಡೆ ಸರಿ. ಮೊದಲ ವಾರ ಆದಷ್ಟು ಬಟ್ಟೆಯೇ ಒಳ್ಳೆಯದು, ಯಾಕೆಂದರೆ ಮಗು ಎಷ್ಟು ಸಲ ಉಚ್ಚೆ ಹೊಯ್ದಿತು ಎಂದು ಲೆಕ್ಕ ಸಿಗ್ತದೆ. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಒದ್ದೆ ಮಾಡಿದರೆ ಎದೆಹಾಲು ಸಾಕಾಗ್ತಾ ಇದೆ ಎಂದು ಅರ್ಥ. ಹೊಸ ಮಗುವಿಗೆ ಸುಗಂಧದ ವೈಪ್ಸ್ ಬೇಡ, ಹತ್ತಿ ಮತ್ತು ಉಗುರು ಬೆಚ್ಚಗಿನ ನೀರು ಸಾಕು.

ಖರ್ಚು ಮಾಡುವುದಾದರೆ ಮಾಡಬೇಕಾದದ್ದು ಬೇರೆ ಕಡೆ. ಒಂದು ಡಿಜಿಟಲ್ ಥರ್ಮಾಮೀಟರ್, ಮಗು ಮತ್ತು ತಾಯಿ ಇಬ್ಬರೂ ಒಳಗೆ ಹಿಡಿಯುವ ಒಳ್ಳೆ ಸೊಳ್ಳೆ ಪರದೆ, ಉಗುರು ಕತ್ತರಿಸುವ ಸಣ್ಣ ಕತ್ತರಿ, ಕರೆಂಟು ಹೋದಾಗ ಉರಿಯುವ ಒಂದು ಬಿಳಿ ದೀಪ. ಕರಾವಳಿಯಲ್ಲಿ ಮಲೇರಿಯಾ, ಡೆಂಗಿ ಎರಡೂ ಇರುವಾಗ ಸೊಳ್ಳೆ ಬತ್ತಿಯ ಹೊಗೆಯಲ್ಲಿ ಮಗುವನ್ನು ಮಲಗಿಸುವುದಕ್ಕಿಂತ ಪರದೆಯೇ ವಾಸಿ.

ಗಲ್ಫ್ ಪೆಟ್ಟಿಗೆಯಲ್ಲಿ ಬರುವ ಹಾಲಿನ ಪುಡಿ

ದೂರದಲ್ಲಿರುವ ತಂದೆಯ ಪ್ರೀತಿ ಅರ್ಥ ಆಗ್ತದೆ. ಆದರೆ ಡಬ್ಬ ಎದುರಿಗೆ ಇದ್ದರೆ ಎರಡನೇ ದಿನವೇ ಯಾರಾದರೊಬ್ಬರು "ಮಗು ಅಳ್ತಾ ಉಂಟು, ಹಾಲು ಸಾಲುದಿಲ್ಲ, ಸ್ವಲ್ಪ ಪುಡಿ ಕೊಡುವ" ಅಂತಾರೆ. ಅಲ್ಲಿಂದ ಎದೆಹಾಲು ಕಮ್ಮಿಯಾಗಲು ಶುರು. ಹೊಸ ಮಗುವಿನ ಹೊಟ್ಟೆ ಬಹಳ ಸಣ್ಣದು, ಮೊದಲ ಎರಡು ಮೂರು ದಿನ ಬರುವ ದಪ್ಪ ಹಳದಿ ಹಾಲು ಚಮಚದಷ್ಟೇ ಇದ್ದರೂ ಅದಕ್ಕೆ ಸಾಕು. ಆ ಹಾಲನ್ನು ಹಿಂಡಿ ಚೆಲ್ಲುವುದು ನಮ್ಮಲ್ಲಿ ಈಗ ಕಮ್ಮಿಯಾಗಿದೆ, ಪೂರ್ತಿ ನಿಂತಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ, ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸಿದರೆ ಹಾಲು ತಾನಾಗಿ ಹೆಚ್ಚಾಗ್ತದೆ. ಸಿಸೇರಿಯನ್ ಆದರೂ ಕುಡಿಸಬಹುದು, ನರ್ಸಿನವರನ್ನು ಕೇಳಿ ಮಲಗಿದಲ್ಲೇ ಹಿಡಿಸಿಕೊಳ್ಳಿ. ಮೊದಲ ವಾರ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ. ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಇಳಿದರೆ, ಅಥವಾ ಎರಡು ವಾರವಾದರೂ ಹುಟ್ಟಿದ ತೂಕಕ್ಕೆ ಮುಟ್ಟದಿದ್ದರೆ ಡಾಕ್ಟರಿಗೆ ತೋರಿಸಿ.

ಎರಡು ವರ್ಷದೊಳಗಿನ ಮಕ್ಕಳಿಗಾಗಿ ಹಾಲಿನ ಪುಡಿ, ಬಾಟಲಿಗಳ ಜಾಹೀರಾತು ಕೊಡುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. 1992ರ ಕಾಯ್ದೆ, 2003ರಲ್ಲಿ ಇನ್ನೂ ಬಿಗಿ ಮಾಡಿದ್ದಾರೆ. ವೈದ್ಯಕೀಯ ಕಾರಣಕ್ಕೆ ಪುಡಿ ಹಾಲು ಬೇಕಾದ ಮಕ್ಕಳೂ ಇದ್ದಾರೆ, ಅವರ ತಾಯಂದಿರು ಬೇಸರ ಪಡಬೇಕಾಗಿಲ್ಲ. ಆಗಲೂ ಬಾಟಲಿ ಬದಲು ಒಳಲೆಯೋ ಸಣ್ಣ ಲೋಟವೋ ತೊಳೆಯಲು ಸುಲಭ, ಕುದಿಸಲು ಸುಲಭ. ಬಾಪ ಏನಾದರೂ ಕಳಿಸಲೇಬೇಕು ಅಂತಿದ್ದರೆ, ಹೆರಿಗೆಯ ಸಮಯಕ್ಕೆ ರಜೆ ಹೊಂದಿಸಿ ತಾನೇ ಬರಲಿ. ಆಗದಿದ್ದರೆ ಮನೆಕೆಲಸಕ್ಕೆ ಎರಡು ತಿಂಗಳು ಒಬ್ಬರನ್ನು ಇಡುವಷ್ಟು ಹಣ ಕಳಿಸಲಿ.

ಹಿರಿಯರ ಪದ್ಧತಿಗಳಲ್ಲಿ ಬಹಳಷ್ಟು ಒಳ್ಳೆಯದಿದೆ. ನಲ್ವತ್ತು ದಿನದ ವಿಶ್ರಾಂತಿ, ತಾಯಿಯ ಪಕ್ಕದಲ್ಲೇ ಮಗು, ತೆಂಗಿನೆಣ್ಣೆಯ ಹಗುರ ಮಾಲೀಸು, ಇವಕ್ಕೆಲ್ಲ ಡಾಕ್ಟರುಗಳೂ ಒಪ್ತಾರೆ. ಒಪ್ಪದ್ದು ಕೆಲವುಂಟು. ಮಗುವಿಗೆ ಹುಟ್ಟಿದ ತಕ್ಷಣ ಸ್ನಾನ ಮಾಡಿಸಬಾರದು, ಒಂದು ದಿನವಾದರೂ ಕಳೆಯಲಿ. ಮೈ ತಣ್ಣಗಾದರೆ ಅಪಾಯ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬಾರದು. ಮಗುವಿನ ಎದೆ ಉಬ್ಬಿದ್ದರೆ ಹಿಂಡಬಾರದು, ಅದು ತಾಯಿಯ ಹಾರ್ಮೋನಿನಿಂದ ಬಂದದ್ದು, ತಾನಾಗಿ ಇಳಿಯುತ್ತದೆ. ಹೊಕ್ಕುಳ ಬಳ್ಳಿಗೆ ಬೂದಿ, ಎಣ್ಣೆ, ಪೌಡರ್ ಯಾವುದೂ ಬೇಡ. ಒಣಗಲು ಬಿಟ್ಟರೆ ಒಂದೆರಡು ವಾರದಲ್ಲಿ ಬೀಳ್ತದೆ. ತಲೆ ಗುಂಡಾಗಲಿ ಎಂದು ಇಡುವ ಸಾಸಿವೆ ದಿಂಬೂ ಬೇಡ. ಬೆನ್ನ ಮೇಲೆ, ದಿಂಬಿಲ್ಲದೆ, ಗಟ್ಟಿ ಹಾಸಿಗೆಯಲ್ಲಿ ಮಲಗಿಸಿ.

ಸುರ್ಮಾದ ವಿಷಯ ಹೇಳಿದರೆ ಮನೆಯಲ್ಲಿ ಮುಖ ಊದಿಸುವವರುಂಟು. ಆದರೂ ಹೇಳಬೇಕು. ಅಂಗಡಿಯಲ್ಲಿ ಸಿಗುವ ಹಲವು ಸುರ್ಮಾ, ಕಾಡಿಗೆಗಳಲ್ಲಿ ಸೀಸ ಇರ್ತದೆ. ಮಗು ಕಣ್ಣುಜ್ಜಿ ಅದೇ ಕೈ ಬಾಯಿಗೆ ಹಾಕ್ತದೆ, ಸೀಸ ಮೆದುಳಿನ ಬೆಳವಣಿಗೆಗೆ ಹಾನಿ. ಜೇನು ಕೂಡ ಒಂದು ವರ್ಷದವರೆಗೆ ಬೇಡ, ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಸಣ್ಣ ಮಗುವಿನ ಕರುಳು ತಡೆಯಲಾರದು. ತಹನೀಕ್ ಮಾಡುವ ಮನೆಯವರು ಹೆರಿಗೆಗೆ ಮೊದಲೇ ಮಕ್ಕಳ ಡಾಕ್ಟರಲ್ಲಿ ಮಾತಾಡಿಕೊಳ್ಳಿ. ಖರ್ಜೂರ ಮಾಡುವವರ ಕೈ, ಬಾಯಿ ಶುಚಿಯಾಗಿರಬೇಕು, ಶೀತ ಕೆಮ್ಮು ಇರುವವರು ಮುಂದಾಗಬಾರದು, ಅವಧಿಗೆ ಮೊದಲು ಹುಟ್ಟಿದ ಅಥವಾ ಐಸಿಯುನಲ್ಲಿರುವ ಮಗುವಿಗೆ ಡಾಕ್ಟರು ಹೇಳದೆ ಬಾಯಿಗೆ ಏನೂ ಹಾಕಬಾರದು. ಏಳನೇ ದಿನ ತಲೆಕೂದಲು ತೆಗೆಸುವಾಗ ಹೊಸ ಬ್ಲೇಡು, ತೊಳೆದ ಕೈ ಕಡ್ಡಾಯ. ಆ ದಿನ ಮಗುವಿಗೆ ಹಳದಿ, ಜ್ವರ ಏನಾದರೂ ಇದ್ದರೆ ಮುಂದೂಡಿ.

ಹಳದಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ

ನಮ್ಮ ಮನೆಯ ಮೊದಲ ಮಗುವಿಗೆ ನಾಲ್ಕನೇ ದಿನ ಹಳದಿ ಏರಿತ್ತು. ಕೋಣೆಯಲ್ಲಿ ಹಳೇ ಕಾಲದ ಹಳದಿ ಬಲ್ಬು, ಕಿಟಕಿಗೆ ಪರದೆ. ನೋಡಲು ಬಂದವರೆಲ್ಲ "ಬಣ್ಣ ಬಂದಿದೆ, ಚಂದ ಉಂಟು" ಅಂದರು. ಮಗು ಚೆನ್ನಾಗಿ ನಿದ್ದೆ ಮಾಡ್ತದೆ ಅಂತ ನಾವೂ ಖುಷಿಯಲ್ಲಿದ್ದೆವು. ಅದು ನಿದ್ದೆಯಾಗಿರಲಿಲ್ಲ, ಹಾಲು ಕುಡಿಯಲು ಶಕ್ತಿಯಿಲ್ಲದೆ ಬಿದ್ದುಕೊಂಡದ್ದು. ಐದನೇ ದಿನ ಬೆಳಿಗ್ಗೆ ಅಂಗಳಕ್ಕೆ ತಂದ ಅತ್ತೆಯ ಕಣ್ಣಿಗೆ ಅಂಗಾಲು ಹಳದಿ ಕಂಡಿತು. ಆಸ್ಪತ್ರೆಯಲ್ಲಿ ಎರಡು ದಿನ ನೀಲಿ ಬೆಳಕಿನ ಕೆಳಗೆ ಇಟ್ಟರು. ಇನ್ನೊಂದು ದಿನ ತಡವಾಗಿದ್ದರೆ ರಕ್ತ ಬದಲಿಸಬೇಕಾಗ್ತಿತ್ತು ಎಂದರು. ಆ ಮಗು ಈಗ ಕಾಲೇಜಿಗೆ ಹೋಗ್ತಾಳೆ. ಬಿಳಿ ದೀಪ ಇಡಿ ಎಂದು ಮೇಲೆ ಬರೆದದ್ದು ಇದಕ್ಕೇ.

ಸಾಮಾನ್ಯ ಹಳದಿ ಎರಡು ಮೂರನೇ ದಿನ ಶುರುವಾಗಿ, ಎರಡು ವಾರದೊಳಗೆ ಇಳಿಯುತ್ತದೆ. ಮೊದಲ 24 ಗಂಟೆಯೊಳಗೆ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ, ಮಗು ಹಾಲು ಬಿಟ್ಟರೆ ಕಾಯಬಾರದು. ಹಗಲು ಬೆಳಕಲ್ಲಿ ಚರ್ಮವನ್ನು ಬೆರಳಿಂದ ಒತ್ತಿ ಬಿಟ್ಟು ನೋಡಿದರೆ ತಿಳಿಯುತ್ತದೆ. ಬಿಸಿಲಿಗೆ ಹಿಡಿಯುವುದು ಚಿಕಿತ್ಸೆಯಲ್ಲ. ಬಿಲಿರುಬಿನ್ ಅತಿಯಾದರೆ ಮೆದುಳಿಗೆ ಏರುತ್ತದೆ, ಕಿವಿ ಕೇಳಿಸದೆ ಹೋಗಬಹುದು, ಕೈಕಾಲಿನ ಹಿಡಿತ ತಪ್ಪಬಹುದು. ತಾಯಿಯದ್ದು ಓ ಗುಂಪು ಅಥವಾ ನೆಗೆಟಿವ್ ರಕ್ತವಾದರೆ, ಮನೆಗೆ ಕಳಿಸುವ ಮೊದಲೇ ಮಗುವಿನ ರಕ್ತದ ಗುಂಪು ಮತ್ತು ಹಳದಿ ಪ್ರಮಾಣ ಕೇಳಿ. ಬೇಗ ಡಿಸ್ಚಾರ್ಜ್ ಆದವರು ಮೂರು ನಾಲ್ಕನೇ ದಿನ ಒಮ್ಮೆ ತೋರಿಸಲೇಬೇಕು.

ಇನ್ನು ಕೆಲವು ಗುರುತುಗಳು ಬಾಣಂತಿ ಕೋಣೆಯ ಗೋಡೆಗೆ ಅಂಟಿಸಿಡುವಂಥವು. ಕಂಕುಳಲ್ಲಿ 37.5 ಡಿಗ್ರಿಗಿಂತ ಹೆಚ್ಚು ಶಾಖ, ಅಥವಾ ಎದೆಗೆ ಅಪ್ಪಿ ಬೆಚ್ಚಗೆ ಮಾಡಿದರೂ 36.5 ಮುಟ್ಟದ ತಣ್ಣಗಿನ ಮೈ. ನಿಮಿಷಕ್ಕೆ 60ಕ್ಕೆ ಮುಟ್ಟಿದ ಅಥವಾ ಮೀರಿದ ಉಸಿರು, ಪಕ್ಕೆ ಒಳಗೆ ಎಳೆಯುವುದು. ಹಾಲು ಕುಡಿಯದೆ ಇರುವುದು, ಫಿಟ್ಸ್, ಹಸಿರು ವಾಂತಿ, ಹೊಕ್ಕುಳ ಸುತ್ತ ಕೆಂಪು. ಇವುಗಳಲ್ಲಿ ಒಂದು ಕಂಡರೂ ರಾತ್ರಿ ಎಷ್ಟು ಗಂಟೆಯಾದರೂ ಹೊರಡಿ. 108 ಎರಡೂ ರಾಜ್ಯದಲ್ಲಿ ಉಂಟು. ಇಲ್ಲಿ ಒಂದು ಮಾತು: 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡು ಯಾರೂ ಮರೆತಿಲ್ಲ. ಮಂಗಳೂರನ್ನು ನಂಬಿಕೊಂಡವರೂ ಕಾಸರಗೋಡು, ಕಾಞಂಗಾಡಿನಲ್ಲಿ ನವಜಾತ ಶಿಶುಗಳ ಐಸಿಯು ಎಲ್ಲೆಲ್ಲಿ ಉಂಟು ಎಂದು ಮೊದಲೇ ವಿಚಾರಿಸಿ, ನಂಬರ್ ಬರೆದಿಡಿ.

ತಾಯಿಯನ್ನು ಮರೆತು ಮಗುವನ್ನೇ ನೋಡುವುದೂ ನಡೆಯುತ್ತದೆ. ಗಂಟೆಗೊಂದು ಪ್ಯಾಡ್ ಒದ್ದೆಯಾಗುವಷ್ಟು ರಕ್ತ, ಜ್ವರ, ಕಣ್ಣು ಮಂಜಾಗಿ ತಲೆನೋವು, ಒಂದೇ ಕಾಲು ಊದಿ ನೋವು, ಇವು ಅವಳ ಅಪಾಯದ ಗುರುತುಗಳು. ನೀರು ಕಮ್ಮಿ ಕುಡಿಯಬೇಕು ಅನ್ನುವುದು ತಪ್ಪು, ಹಾಲೂಡಿಸುವವಳಿಗೆ ಬಾಯಾರಿದಷ್ಟು ನೀರು ಬೇಕು. ಎರಡು ವಾರ ಕಳೆದರೂ ಸುಮ್ಮನೆ ಅಳು, ಮಗುವನ್ನು ಮುಟ್ಟಲು ಮನಸ್ಸಿಲ್ಲ ಎಂದಾದರೆ ಅದನ್ನು ಕಣ್ಣೇರು, ಜಿನ್ನು ಅಂತ ತಳ್ಳಿಹಾಕಬೇಡಿ. ಡಾಕ್ಟರಲ್ಲಿ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ಕ್ಕೆ ಫೋನ್ ಮಾಡಿದರೂ ಆಗ್ತದೆ. ನೋಡಲು ಬರುವವರ ಸಂಖ್ಯೆ ಕಮ್ಮಿ ಮಾಡಿದರೆ ಅವಳಿಗೆ ಅರ್ಧ ಆರಾಮ. ಬಂದವರು ಕೈ ತೊಳೆಯಲಿ, ಮಗುವಿನ ಮುಖಕ್ಕೆ ಮುತ್ತು ಬೇಡ.

ಗಡಿಯ ಎರಡು ಬದಿಯ ಕಾಗದಗಳು

ಜನನ ನೋಂದಣಿ ಆಗುವುದು ಮಗು ಹುಟ್ಟಿದ ಊರಿನಲ್ಲಿ, ಮನೆ ಇರುವ ಊರಿನಲ್ಲಿ ಅಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಹುಟ್ಟಿದರೆ ಸರ್ಟಿಫಿಕೇಟ್ ಕರ್ನಾಟಕದ್ದು. ನಿಮ್ಮ ಪಂಚಾಯತ್ ಕಚೇರಿಗೆ ಅಲೆದರೆ ಸಿಗುದಿಲ್ಲ. 21 ದಿನದೊಳಗೆ ನೋಂದಣಿಯಾಗಬೇಕು, ಆಸ್ಪತ್ರೆಯವರೇ ಮಾಹಿತಿ ಕಳಿಸ್ತಾರೆ. ಆದರೆ ಅವರು ಬರೆದುಕೊಳ್ಳುವ ಫಾರ್ಮಿನಲ್ಲಿ ತಂದೆ ತಾಯಿಯ ಹೆಸರು ಪಾಸ್‌ಪೋರ್ಟ್, ಆಧಾರಿನಲ್ಲಿದ್ದ ಹಾಗೇ ಉಂಟಾ ಎಂದು ಅಕ್ಷರ ಅಕ್ಷರ ನೋಡಿ. ಮಹಮ್ಮದ್, ಮೊಹಮ್ಮದ್, ಮುಹಮ್ಮದ್, ಫಾತಿಮಾ, ಫಾತಿಮತ್. ನಮ್ಮ ಹೆಸರುಗಳು ಮಲಯಾಳದಲ್ಲಿ ಒಂದು, ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಮೂರು. ನಾಳೆ ಮಗುವಿಗೆ ಗಲ್ಫ್ ವೀಸಾ ಮಾಡುವಾಗ ಒಂದು ಅಕ್ಷರಕ್ಕೆ ತಿಂಗಳುಗಟ್ಟಲೆ ಓಡಬೇಕಾಗ್ತದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್ ಎಲ್ಲದಕ್ಕೂ ಹುಟ್ಟಿದ ದಿನದ ದಾಖಲೆ ಈ ಸರ್ಟಿಫಿಕೇಟೇ. ಹೆಸರು ಇನ್ನೂ ಇಟ್ಟಿಲ್ಲವಾದರೆ ಅವಸರ ಬೇಡ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ ಎಲ್ಲ ಉಚಿತ, ಮಂಗಳೂರಿನ ಲೇಡಿಗೋಷನ್ ಸರಕಾರಿ ಆಸ್ಪತ್ರೆಯೇ. ಹುಟ್ಟಿದ ಮಗುವಿಗೆ ವಿಟಮಿನ್ ಕೆ ಚುಚ್ಚುಮದ್ದು, ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ ಕೊಟ್ಟರಾ ಎಂದು ಕೇಳಿ, ಕಾರ್ಡಿನಲ್ಲಿ ಬರೆಸಿಕೊಳ್ಳಿ. ಡಾಕ್ಟರು ವಿಟಮಿನ್ ಡಿ ಹನಿ ಬರೆದರೆ ತಪ್ಪದೆ ಹಾಕಿ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು ಮತ್ತು ನಲ್ವತ್ತೆರಡನೇ ದಿನ ಮನೆಗೆ ಬಂದು ಮಗುವಿನ ತೂಕ, ಶಾಖ ನೋಡಬೇಕು. ಗಡಿಯಾಚೆ ಹುಟ್ಟಿದ ಮಗುವಿನ ಸುದ್ದಿ ಅವರಿಗೆ ತಲುಪುವುದೇ ಇಲ್ಲ. ಹುಡುಗಿ ತವರಲ್ಲಿದ್ದರೆ ಗಂಡನ ಮನೆಯ ಕಡೆಯ ಆಶಾ ಹುಡುಕಿಕೊಂಡು ಬಂದು ವಾಪಸು ಹೋದದ್ದೂ ಉಂಟು. ಬಾಣಂತಿ ಯಾವ ಮನೆಯಲ್ಲಿದ್ದಾಳೋ ಆ ವಾರ್ಡಿನ ಆಶಾಗೆ ಡಿಸ್ಚಾರ್ಜ್ ಆದ ದಿನವೇ ಫೋನ್ ಮಾಡಿ. ಆರನೇ ವಾರದ ಲಸಿಕೆ ಕೇರಳದ ಆರೋಗ್ಯ ಕೇಂದ್ರದಲ್ಲೇ ಹಾಕಿಸಬಹುದು, ಮಂಗಳೂರಿನ ಕಾರ್ಡು ಮತ್ತು ಡಿಸ್ಚಾರ್ಜ್ ಚೀಟಿ ಎರಡನ್ನೂ ಹಿಡಿದುಕೊಂಡು ಹೋಗಿ.