ಗುಂಡಿ ನಿಮ್ಮದೇ ಸ್ವಾಮೀ, ನೀರು ಯಾರದ್ದು?

ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಡೆ ಇರುವ ಕನ್ನಡಿಗರಲ್ಲಿ ಕೆಲವರಾದರೂ ಕ್ವಾರಿ ಲೇಕ್ಸ್ ಪಾರ್ಕಿಗೆ ಹೋಗಿರುತ್ತೀರಿ. ಹೆಸರೇ ಹೇಳುವಂತೆ ಅವು ಹುಟ್ಟು ಕೆರೆಗಳಲ್ಲ, ಜಲ್ಲಿ ಅಗೆದು ಬಿಟ್ಟ ಗುಂಡಿಗಳು. ಆ ಊರಿನ ಜಲ್ಲಿಗೂ ನೀರಿಗೂ ನಡೆದ ಜಗಳದ ಕಥೆ ಓದುತ್ತಾ ಹೋದೆ. ನಿಮ್ಮ ಹತ್ತಿರ ಹಂಚಿಕೊಳ್ಳೋಣ ಅನ್ನಿಸಿತು.

ಅಲಮೀಡಾ ಕ್ರೀಕ್ ಅನ್ನೋ ಹೊಳೆ ನೈಲ್ಸ್ ಕಣಿವೆಯಿಂದ ಬಯಲಿಗೆ ಇಳಿಯುವುದು ಇಲ್ಲೇ. ಬೆಟ್ಟದಿಂದ ಹೊತ್ತು ತಂದ ಕಲ್ಲು, ಮರಳನ್ನು ಸಾವಿರಾರು ವರ್ಷಗಳಿಂದ ಬೀಸಣಿಗೆಯ ಹಾಗೆ ಹರಡಿದೆ. ಇದಕ್ಕೆ 'ನೈಲ್ಸ್ ಕೋನ್' ಅಂತ ಹೆಸರು. 1869ರಲ್ಲಿ ಮುಗಿದ ಅಮೆರಿಕಾದ ಮೊದಲ ಖಂಡಾಂತರ ರೈಲುದಾರಿಗೂ ಇಲ್ಲಿಯ ಜಲ್ಲಿ ಹೋಗಿದೆ. ತೊಂದರೆ ಏನೆಂದರೆ, ಆ ಜಲ್ಲಿ ಪದರವೇ ಊರಿನ ನೀರಿನ ತೊಟ್ಟಿ. ಕಲ್ಲಿನ ಸಂದಿಗಳಲ್ಲೇ ಅಂತರ್ಜಲ ಇರೋದು. ಜಲ್ಲಿಯವನಿಗೂ ರೈತನಿಗೂ ಬೇಕಾದ್ದು ಒಂದೇ ಜಾಗದಲ್ಲಿ!

ಈ ಅಂತರ್ಜಲ ಉಳಿಸಿಕೊಳ್ಳಲೆಂದೇ 1914ರಲ್ಲಿ ಅಲಮೀಡಾ ಕೌಂಟಿ ವಾಟರ್ ಡಿಸ್ಟ್ರಿಕ್ಟ್ ಹುಟ್ಟಿತು. ಆದರೂ ಬಾವಿಗಳಿಂದ ಎತ್ತಿದ್ದು ಜಾಸ್ತಿ, ಇಂಗಿದ್ದು ಕಡಿಮೆ. ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಕೆಳಗಿಳಿದಾಗ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಉಪ್ಪುನೀರು ಒಳಗೆ ನುಗ್ಗತೊಡಗಿತು. 1920ರ ದಶಕದಲ್ಲೇ ಬಾವಿಗಳಲ್ಲಿ ಉಪ್ಪು! 1962ರಿಂದ ಡಿಸ್ಟ್ರಿಕ್ಟ್ ದೂರದಿಂದ ಕಾಲುವೆಯಲ್ಲಿ ಬರುವ ನೀರನ್ನು ದುಡ್ಡು ಕೊಟ್ಟು ಕೊಂಡು ಭೂಮಿಗೆ ಇಂಗಿಸತೊಡಗಿತು. ಸಿಹಿನೀರು ಮೇಲೆ ಬಂದಷ್ಟೂ ಉಪ್ಪು ಹಿಂದೆ ಸರಿಯಬೇಕು, ಅದು ಲೆಕ್ಕ.

ನೀರೇನೋ ಮೇಲೆ ಬಂತು. ಆದರೆ ನೈಲ್ಸ್ ಸ್ಯಾಂಡ್ ಅಂಡ್ ಗ್ರಾವೆಲ್ ಕಂಪನಿಯ ಗುಂಡಿಗಳಲ್ಲೂ ಬಂತು. ನೀರು ತುಂಬಿದರೆ ಜಲ್ಲಿ ಅಗೆಯುವುದು ಹೇಗೆ? ಕಂಪನಿ ಪಂಪು ಹಾಕಿ ನೀರನ್ನು ಕೊಲ್ಲಿಯ ಕಡೆಗೆ ಬಿಟ್ಟಿತು. ಈ ಕಡೆ ದುಡ್ಡು ಕೊಟ್ಟು ಇಂಗಿಸಿದ ನೀರು, ಆ ಕಡೆ ಸಮುದ್ರದ ಪಾಲು. ಸರಿ, ಕೋರ್ಟು ಹತ್ತಿದರು.

ಕಂಪನಿಯ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. "ನನ್ನ ನೆಲದೊಳಗೆ ನಿನ್ನ ನೀರು ತುಂಬಿದ್ದೀಯ, ನನ್ನ ಕೆಲಸ ಕೆಟ್ಟಿತು, ಪರಿಹಾರ ಕೊಡು" ಅನ್ನೋದು ಅದರ ಸಾರಾಂಶ. 1974ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ನೀರನ್ನು ಪೋಲು ಮಾಡಬಾರದು ಎಂದು 1928ರಲ್ಲೇ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿಯಾಗಿತ್ತು. ಕೆಳಗಿನ ಅಂತರ್ಜಲ ಎಲ್ಲರ ಪಾಲಿನದ್ದು, ಅದನ್ನು ಕಾಪಾಡಲು ಆ ಪದರದಲ್ಲಿ ನೀರು ಕೂಡಿಡುವ ಸಾರ್ವಜನಿಕ ಹಕ್ಕಿಗೆ ನಿನ್ನ ಜಮೀನೂ ಬದ್ಧ, ಪರಿಹಾರವಿಲ್ಲ ಎಂದಿತು.

ಇವತ್ತು ಆ ಊರಿನ ಹಳೇ ಜಲ್ಲಿ ಗುಂಡಿಗಳೇ ನೀರು ಇಂಗಿಸುವ ಕೆರೆಗಳು. ಹೊಳೆಗೆ ಅಡ್ಡಲಾಗಿ ಗಾಳಿ, ನೀರು ತುಂಬಿ ಉಬ್ಬಿಸುವಂಥ ರಬ್ಬರ್ ಅಣೆಕಟ್ಟು ಹಾಕಿ ನೀರನ್ನು ಅವುಗಳಿಗೆ ತಿರುಗಿಸುತ್ತಾರೆ. ಪಾರ್ಕು ಆಗಿದ್ದು 2001ರಲ್ಲಿ. ಆದರೆ ಒಮ್ಮೆ ಸೇರಿದ ಉಪ್ಪು ಪೂರ್ತಿ ಹೋಗಿಲ್ಲ. ಆ ಉಪ್ಪುನೀರನ್ನು ಎತ್ತಿ ಸಿಹಿ ಮಾಡಲು 2003ರಲ್ಲಿ ಪಕ್ಕದ ನ್ಯೂಆರ್ಕಿನಲ್ಲಿ ಘಟಕವನ್ನೇ ಕಟ್ಟಬೇಕಾಯ್ತು.

ನಮ್ಮಲ್ಲಿ? 1882ರ ಈಸ್ಮೆಂಟ್ಸ್ ಕಾಯ್ದೆಯ ಪ್ರಕಾರ ತನ್ನ ನೆಲದ ಕೆಳಗಿನ ನೀರನ್ನು ಎತ್ತಿಕೊಳ್ಳುವುದು ಜಮೀನಿನ ಒಡೆಯನ ಹಕ್ಕು. "ನನ್ನ ಜಮೀನು, ನನ್ನ ಬೋರು" ಅನ್ನೋ ಮಾತಿನ ಬೇರು ಅಲ್ಲಿದೆ. ನೀರಿಗೆ ಮಾತ್ರ ಸರ್ವೆ ಕಲ್ಲು ಕಾಣಿಸೋದಿಲ್ಲ.

ನೀವೇನಂತೀರಿ?